ಅತ್ತರೆ ಕೆಂಪು, ಕುಡಿದರೆ ನೀಲಿ

ಚೊಚ್ಚಲ ಬಸುರಿಗೆ ತವರಿನಲ್ಲೇ ಹೆರಿಗೆಯಾಗಬೇಕೆನ್ನುವುದು ಎಲ್ಲರ ಮನೆಯ ರೂಢಿ. ಹಾಗಿದ್ದೂ, ಮಗಳು ವರಲಕ್ಷ್ಮಮ್ಮನನ್ನು ಕರೆದುಕೊಂಡು ಹೋಗಲು ಸೂಲಿಬೆಲೆಯಿಂದ ಗಾಡಿ ಕಟ್ಟಿಸಿಕೊಂಡು ಬಂದ ಮುನಿಗಂಗಮ್ಮ ಖಾಲಿ ಗಾಡಿಯಲ್ಲಿ ಹಿಂತಿರುಗಬೇಕಾಯಿತು. ಕಳಿಸಲು ಒಪ್ಪದವಳು ವರಲಕ್ಷ್ಮಮ್ಮನ ಅತ್ತೆ ಪಿಳ್ಳಮ್ಮ. ಅವರ ಊರು ನಂದಗುಡಿಯ ಪಕ್ಕದ ಹಳ್ಳಿ; ಆ ಸುತ್ತಿನಲ್ಲಿ ಯಾರಿಗೆ ನೋವು ಶುರುವಾದರೂ ಮೊದಲು ಕರೆ ಬರುತ್ತಿದ್ದುದು ಪಿಳ್ಳಮ್ಮನ ಬಾಗಿಲಿಗೆ. ಒಕ್ಕಲುತನದ ಮನೆಯವಳಾದ ಅವಳು ಅದನ್ನೊಂದು ಕಸುಬೆಂದು ಮಾಡುತ್ತಿರಲಿಲ್ಲ. ಎಲೆ ಅಡಿಕೆ, ಒಂದು ರವಿಕೆ ಕಣ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೆ. ಆದರೆ ತನ್ನ ಕೈಯ ಬಗ್ಗೆ ಅವಳಿಗೆ ಬಲು ಹೆಮ್ಮೆ.

“ಊರ ಮಕ್ಳೆಲ್ಲ ನನ್ನ ಕೈಯಾಗೆ ಹುಟ್ಟವೆ. ನನ್ನ ಮೊಮ್ಮಗೂನ ಇನ್ಯಾರ ಕೈಗೋ ಬಿಡ್ಲಾ?” ಎಂದು ಅವಳು ಬೀಗಿತ್ತಿಯ ಮುಖಕ್ಕೇ ಕೇಳಿದ್ದಳು. ಮುನಿಗಂಗಮ್ಮ ಬಡಿಸಿದ ತಟ್ಟೆಯ ಮುಂದೆ ಕೂರದೆ, ಬರೀ ನೀರು ಕುಡಿದು ಗಾಡಿ ಹತ್ತಿದಳು.

ಅದು ಎರಡನೆಯ ಮಹಾಯುದ್ಧ ಮುಗಿದ ವರ್ಷ. ಕಾರ್ತಿಕದ ಕೊನೆಯ ಸೋಮವಾರ ಬೆಳಗ್ಗೆ ವರಲಕ್ಷ್ಮಮ್ಮನಿಗೆ ಹೆಚ್ಚು ಕಷ್ಟವಿಲ್ಲದೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಕೂಸು ಎಂಥ ದನಿ ತೆಗೆಯಿತೆಂದರೆ, ಕಣದಲ್ಲಿ ರಾಗಿ ತೆನೆ ಹರಡುತ್ತಿದ್ದ ಅಜ್ಜ ಅಪ್ಪಯ್ಯಣ್ಣ ಮೆರೆಗೋಲನ್ನು ಅಲ್ಲೇ ಬಿಟ್ಟು ಬಂದ. ಮೈ ಕೆಂಪಗೆ, ಕೈಕಾಲು ಗಟ್ಟಿಮುಟ್ಟು. ಪಿಳ್ಳಮ್ಮ ಮಗುವನ್ನು ಒರೆಸಿ, ಮಗ ರಾಮಾಂಜಿನಪ್ಪನಿಗೆ ತೋರಿಸಿ, ಸೊಸೆಯ ಎದೆಗೆ ಹಚ್ಚಿದಳು.

ಕೂಸು ಎರಡು ಗುಟುಕು ಎಳೆಯಿತು. ಮೂರನೆಯದಕ್ಕೆ ಅದರ ತುಟಿಯ ಸುತ್ತ ನೇರಳೆ ಹಣ್ಣಿನ ಬಣ್ಣ ಬಂತು. ಮೊಲೆ ಬಿಟ್ಟು, ಬಾಯಿ ತೆರೆದು, ಕಿರುಚಿ ಅತ್ತಿತು. ಅಳುತ್ತಿದ್ದಂತೆ ಮತ್ತೆ ಕೆಂಪಗಾಯಿತು. ಇನ್ನೊಮ್ಮೆ ಹಚ್ಚಿದರೂ ಅದೇ.

ಅಳುವಾಗ ನೀಲಿಗಟ್ಟುವ ಮಕ್ಕಳನ್ನು ಪಿಳ್ಳಮ್ಮ ನೋಡಿದ್ದಳು. ಅವು ಬಹಳ ದಿನ ಉಳಿದಿರಲಿಲ್ಲ. ಆದರೆ ಇದು ತಿರುಗುಮುರುಗು. ಅತ್ತರೆ ಕೆಂಪು, ಕುಡಿದರೆ ನೀಲಿ. ಇಂಥದ್ದನ್ನು ಅವಳು ತನ್ನ ಕಾಲದಲ್ಲಿ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಕೂಸಿನ ಮುಖವನ್ನೇ ನೋಡುತ್ತಾ ಕುಳಿತಳು. ಅದು ಬಾಯಿ ಮುಚ್ಚಿದರೆ ಎದೆಗೂಡು ಒಳಕ್ಕೆ ಸೆಳೆಯುತ್ತಿತ್ತು, ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು. ಗಲ್ಲವನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಾಯಿ ತೆರೆಸಿದರೆ ಸುಮ್ಮನಾಗುತ್ತಿತ್ತು. ಆಗ ಅವಳಿಗೆ ಹೊಳೆಯಿತು. ಬೇಲಿಯ ಎಕ್ಕದ ಕಾಯಿಯಿಂದ ಒಂದು ಎಳೆ ನವಿರು ಹತ್ತಿ ತರಿಸಿ ಮೂಗಿನ ಹೊಳ್ಳೆಯ ಮುಂದೆ ಹಿಡಿದಳು. ಎಡಗಡೆ ಎಳೆ ಅಲ್ಲಾಡಲಿಲ್ಲ. ಬಲಗಡೆ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಅಲ್ಲಾಡಿತು.

ಬಾಗಿಲ ಬಳಿ ಎಳೆಬಿಸಿಲು ಬಿದ್ದಿತ್ತು. ಕನ್ನಡಿಯಿಂದ ಆ ಬಿಸಿಲನ್ನು ಮೂಗಿನೊಳಕ್ಕೆ ಹಾಯಿಸಿದಾಗ ಎಡ ಹೊಳ್ಳೆಯಲ್ಲಿ ಹಿತಕಿದ ಅವರೆಬೇಳೆಯಂಥ ನುಣ್ಣನೆಯ, ನಸುಗೆಂಪಿನ ಗೆಡ್ಡೆಯೊಂದು ಕಂಡಿತು. ಅದು ನಡುಗೋಡೆಯನ್ನೂ ಬಲ ಹೊಳ್ಳೆಯತ್ತ ಒತ್ತಿತ್ತು.

“ಏನತ್ತೆ ಅದು?” ಎಂದು ವರಲಕ್ಷ್ಮಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು.

“ಮೂಗಿನಾಗೆ ಏನೋ ಬೆಳ್ದೈತೆ. ಮಗಾ ಉಸುರಾಡೋದು ಬಾಯಾಗೆ. ಬಾಯಿ ತುಂಬ ಹಾಲು ಕೊಟ್ರೆ ಉಸುರು ಎಲ್ಲಿಂದ ತಕ್ಕಂಡೀತು? ಹಾಲು ಹಿಂಡು, ಒಳಲೇಲಿ ಹಾಕ್ತೀನಿ.”

ಅಂದಿನಿಂದ ಮನೆಯ ದಿನಚರಿಯೇ ಬದಲಾಯಿತು. ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಪಿಳ್ಳಮ್ಮ ಕೂಸಿಗೆ ಹಾಲನ್ನು ಹನಿಹನಿಯಾಗಿ ಬಾಯಿಯ ಓರೆಯಿಂದ ಬಿಡುವಳು. ಒಂದು ಹನಿ, ಒಂದು ಉಸಿರು, ಮತ್ತೊಂದು ಹನಿ. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಎಸರು ಉಕ್ಕಿ ಆರುತ್ತಿತ್ತು. ಅದು ಮುಗಿದು ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಕೂಸನ್ನು ಮಗ್ಗುಲಾಗಿಯೇ ಮಲಗಿಸಬೇಕು, ಯಾರಾದರೊಬ್ಬರು ಗಲ್ಲದ ಮೇಲೆ ಬೆರಳಿಟ್ಟುಕೊಂಡೇ ಕೂತಿರಬೇಕು. ಹಟ್ಟಿಯ ಸಗಣಿ ಬಾಚುವುದು ರಾಮಾಂಜಿನಪ್ಪನ ಪಾಲಿಗೆ ಬಂತು. ಒಕ್ಕಣೆಯ ಕಾಲದಲ್ಲಿ ಅಪ್ಪಯ್ಯಣ್ಣ ಕಣ ಬಿಟ್ಟು ಬಂದು ಮುದ್ದೆ ತಿರುವಿದ. ಅವನ ಮುದ್ದೆಯಲ್ಲಿ ಹಿಟ್ಟಿನ ಗಂಟುಗಳಿರುತ್ತಿದ್ದವು. ಒಂದು ದಿನ ಮಗ ಗಂಟನ್ನು ತಟ್ಟೆಯ ಅಂಚಿಗೆ ಸರಿಸಿದ್ದಕ್ಕೆ, “ತಿನ್ನು, ನಿಮ್ಮವ್ವ ಬರೋ ಗಂಟ ಇದೇಯ” ಎಂದ.

ಹನ್ನೊಂದನೆಯ ದಿನ ಹೆಸರಿಡಬೇಕಿತ್ತು. ಮುನಿಗಂಗಮ್ಮ ಕುಲಾವಿ, ಬೆಳ್ಳಿಯ ಕಡಗ, ಬಾಣಂತಿಗೆ ಬೆಳ್ಳುಳ್ಳಿ ಮೆಣಸು ಎಲ್ಲ ತಂದಿದ್ದಳು. ಕೂಸಿನ ಗೊರಗೊರ ಕೇಳಿ ತೊಟ್ಟಿಲ ಬಳಿಯೇ ನಿಂತುಬಿಟ್ಟಳು. ಒಳಲೆಯನ್ನು ನೋಡಿ, ತಾಯಿ ಎದೆಯಲ್ಲಿ ಹಾಲಿರುವಾಗ ಇದೇನು ಪರದೇಶಿ ಕೂಸಿಗೆ ಹಾಕುವಂತೆ ಹಾಕುತ್ತೀರೆಂದು ರೇಗಿದಳು. ಯಾರು ಎಷ್ಟು ಹೇಳಿದರೂ ಕೇಳದೆ ಮಗುವನ್ನೆತ್ತಿ ಮಗಳ ಎದೆಗೆ ಒತ್ತಿ ಹಿಡಿದಳು. ಕೂಸು ಒದ್ದಾಡಿತು, ಆಮೇಲೆ ಒದ್ದಾಡುವುದನ್ನೂ ನಿಲ್ಲಿಸಿತು. ಪಿಳ್ಳಮ್ಮ ಕಸಿದುಕೊಂಡು, ಬಾಯೊಳಗೆ ಬೆರಳು ಹಾಕಿ ದವಡೆ ತೆರೆದು, ಅಂಗಾಲಿಗೆ ತಟ್ಟಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೂಸು ಅತ್ತಿತು, ನೀಲಿಯೆಲ್ಲ ಇಳಿದು ಕೆಂಪು ಏರಿತು.

ಮುನಿಗಂಗಮ್ಮ ಕಂಬ ಹಿಡಿದು ಕುಳಿತಳು. ಬಾಯಿಗೆ ಬಂದದ್ದನ್ನು ಆಡಿದಳು.

“ಎಣ್ಣೆ ಹಚ್ಚಿ ಮೂಗು ತೀಡ್ತೀರಲ್ಲ, ನೀವು ತೀಡಿದ್ದಕ್ಕೇ ಹಿಂಗಾಗಿರೋದು. ನಮ್ಮನೇಲಿ ಹುಟ್ಟಿದ್ರೆ ನನ್ನ ಮೊಮ್ಮಗಳ ಮೂಗು ಮೂಗಾಗೇ ಇರ್ತಿತ್ತು.”

ಹುಟ್ಟಿದ ಮಕ್ಕಳ ಮೂಗು ನೆಟ್ಟಗಾಗಲೆಂದು ನೀರೆರೆಯುವಾಗ ಹೆಬ್ಬೆರಳಿನಿಂದ ಒತ್ತಿ ತೀಡುವುದು ಪಿಳ್ಳಮ್ಮನ ರೂಢಿ. ಈ ಕೂಸಿಗೂ ಎರಡನೆಯ ದಿನ, ಮೂರನೆಯ ದಿನ ತೀಡಿದ್ದಳು. ಗೆಡ್ಡೆಯನ್ನು ಕಂಡದ್ದು ಅದಕ್ಕೆ ಮೊದಲೇ, ಹುಟ್ಟಿದ ಬೆಳಗ್ಗೆಯೇ. ಅದು ಅವಳಿಗೆ ಗೊತ್ತಿತ್ತು. ಆದರೆ ಮಗುವನ್ನು ಹೊರಗೆಳೆಯುವಾಗ, ಮುಖ ಒರೆಸುವಾಗ ಕೈ ಎಲ್ಲಿ ತಾಗಿತೋ? ಆ ಸಂಶಯ ಹೊಕ್ಕ ಮೇಲೆ ಬಿಡಲಿಲ್ಲ.

ಹೆಸರಿಡುವುದು ನಿಂತುಹೋಯಿತು. ಮಾತು ಊರಿಗೂ ಹಬ್ಬಿತು. ಕೆರೆಯ ಕೆಳಗಿನ ಮನೆಯಲ್ಲಿ ತುಂಬಿದ ಬಸುರಿಯಿದ್ದಳು. ಅವರು ನೋವು ಬಂದಾಗ ಪಿಳ್ಳಮ್ಮನನ್ನು ಕರೆಯದೆ ಬೇರೆ ಊರಿನವಳಿಗೆ ಗಾಡಿ ಕಳಿಸಿದರು. ಆ ಗಾಡಿ ಇವರ ಮನೆಯ ಮುಂದೆಯೇ ಹಾದುಹೋಯಿತು. ಮಾರನೆಯ ದಿನ ವರಲಕ್ಷ್ಮಮ್ಮ, ಇವತ್ತಿನಿಂದ ಮಗುವಿಗೆ ನಮ್ಮವ್ವನೇ ನೀರೆರೆಯಲಿ ಎಂದಳು, ಕಣ್ಣೆತ್ತಿ ನೋಡದೆ. ಪಿಳ್ಳಮ್ಮ ಹಂಡೆಯ ಬಿಸಿನೀರನ್ನು ಬಚ್ಚಲಿಗೆ ತುಂಬಿಕೊಟ್ಟು ಹೊರಗೆ ಬಂದು ಅವರೆಕಾಯಿ ಬಿಡಿಸುತ್ತಾ ಕುಳಿತಳು. ಒಳಲೆ ಮಾತ್ರ ಅವಳ ಕೈಯಲ್ಲೇ ಉಳಿಯಿತು. ಅದು ಬೇರೆ ಯಾರ ಕೈಗೂ ಒಗ್ಗಲಿಲ್ಲ.

ಹೆಂಡತಿಯ ಪರವಾಗಿಯೋ ತಾಯಿಯ ಪರವಾಗಿಯೋ ರಾಮಾಂಜಿನಪ್ಪ ಒಂದು ಮಾತಾಡಿದ್ದರೆ ಚೆನ್ನಾಗಿತ್ತು. ಅವನು ಊಟಕ್ಕೆ ಬರುವುದು, ತಟ್ಟೆ ನೋಡಿಕೊಂಡು ಉಣ್ಣುವುದು, ಕಣಕ್ಕೆ ಹೋಗುವುದು. “ನೀನೂ ಒಂದು ಬಾಯಿ ಬಿಡಪ್ಪ” ಎಂದು ಅಪ್ಪಯ್ಯಣ್ಣ ಗದರಿದ್ದಕ್ಕೆ, “ಯಾರಿಗೇಂತ ಬಿಡ್ಲಿ? ಇಬ್ಬರೂ ಅಳ್ತಾವ್ರೆ” ಎಂದು ಎದ್ದುಹೋದ.

ಮುನಿಗಂಗಮ್ಮ ಅಷ್ಟಕ್ಕೇ ಬಿಡುವವಳಲ್ಲ. ಅವಳ ತಮ್ಮ ಸೊಣ್ಣಪ್ಪ ಸೂಲಿಬೆಲೆಯಲ್ಲಿ ನಾಟಿ ವೈದ್ಯ. ಮೂಗಿನಲ್ಲಿ ದುರ್ಮಾಂಸ ಬೆಳೆದ ದೊಡ್ಡವರಿಗೆ ಕುದುರೆ ಬಾಲದ ಕೂದಲಿನ ಕುಣಿಕೆ ಹಾಕಿ ಕಿತ್ತು ಕೊಡುತ್ತಿದ್ದ. ಅವನಿಂದ ವಾಸಿಯಾದವರು ಎಷ್ಟೋ ಜನ ಇದ್ದರು. ಅವನನ್ನು ಶನಿವಾರ ಬರಹೇಳಿ ಮಗಳನ್ನೂ ಒಪ್ಪಿಸಿದಳು. ವರಲಕ್ಷ್ಮಮ್ಮ ಒಪ್ಪಿದ್ದನ್ನು ಗಂಡನ ಕೈಯಲ್ಲಿ ಅತ್ತೆಗೆ ಹೇಳಿಸಿದಳು.

ಪಿಳ್ಳಮ್ಮನಿಗೂ ಆ ಗೆಡ್ಡೆಯನ್ನು ದಾರ ಕಟ್ಟಿ ತೆಗೆದುಬಿಡೋಣ ಅನ್ನಿಸಿದ್ದುಂಟು. ಒಂದು ದಿನ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದ್ದಳು. ತುದಿ ಕಾಣುತ್ತಿತ್ತು, ಅದು ಎಲ್ಲಿ ಅಂಟಿಕೊಂಡಿದೆಯೋ ಕಾಣುತ್ತಿರಲಿಲ್ಲ. ಹೊಕ್ಕುಳ ಬಳ್ಳಿಯನ್ನು ಎರಡು ಕಡೆ ಕಟ್ಟದೆ ಯಾವತ್ತೂ ಕತ್ತರಿಸದವಳು ಅವಳು. ಕಾಣದಿರುವುದನ್ನು ಕೀಳಲು ಅವಳ ಕೈ ಮುಂದಾಗಲಿಲ್ಲ.

ಹೊಸಕೋಟೆಯ ಡಾಕ್ಟರ್ ಹನುಮಂತರಾಯಪ್ಪ ಪ್ರತಿ ಶುಕ್ರವಾರ ನಂದಗುಡಿಗೆ ಬಂದು ಒಂದು ಜಗಲಿಯ ಮೇಲೆ ಕುಳಿತು ಔಷಧಿ ಕೊಡುತ್ತಿದ್ದರು. ಅವರ ಮುಂದೆ ಹೋಗುವುದು ಪಿಳ್ಳಮ್ಮನಿಗೆ ಸುಲಭವಿರಲಿಲ್ಲ. ಹಿಂದಿನ ಬೇಸಗೆಯಲ್ಲಿ ಅವರು ಸುತ್ತಿನ ಸೂಲಗಿತ್ತಿಯರನ್ನೆಲ್ಲ ಸೇರಿಸಿ ಕತ್ತರಿ, ಬ್ಲೇಡು ಕುದಿಸಿ ಬಳಸಿರೆಂದು ಬುದ್ಧಿ ಹೇಳಿದಾಗ, ಒಂದು ಹೆರಿಗೆಯನ್ನೂ ಕೂತು ಮಾಡಿಸದ ಗಂಡಸು ನಮಗೆ ಹೇಳುತ್ತಾನಲ್ಲ ಎಂದು ಎಲ್ಲರೆದುರಿಗೆ ಎದ್ದುಬಂದವಳು ಅವಳೇ. ಆದರೂ ಶುಕ್ರವಾರ ಬೆಳಗ್ಗೆ ಕೂಸಿಗೆ ಒಂದು ಬಟ್ಟಲು ಹಾಲು ಮುಗಿಸಿ, ಒಳಲೆಯನ್ನು ಸೊಸೆಯ ಪಕ್ಕದಲ್ಲಿಟ್ಟು, ಹೇಗೆ ಹಿಡಿಯಬೇಕೆಂದು ಇನ್ನೊಮ್ಮೆ ತೋರಿಸಿ, ಸೆರಗು ಹೊದ್ದು ನಂದಗುಡಿಗೆ ನಡೆದಳು.

ಡಾಕ್ಟರು ಅವಳ ಗುರುತು ಹಿಡಿದರು. ಅವಳೇನೂ ಹಳೆಯದನ್ನು ಎತ್ತಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು: ಅತ್ತರೆ ಕೆಂಪಾಗುವುದು, ಕುಡಿದರೆ ನೀಲಿಯಾಗುವುದು, ಎಕ್ಕದ ಹತ್ತಿ ಅಲ್ಲಾಡದ್ದು, ಕನ್ನಡಿಯಲ್ಲಿ ಕಂಡದ್ದು, ಮಗ್ಗುಲಾಗಿ ಮಲಗಿಸಿದ್ದು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಹತ್ತಿಯ ಎಳೆ ಹಿಡಿದು ನೋಡುವುದನ್ನು ಯಾರು ಹೇಳಿಕೊಟ್ಟರೆಂದು ಕೇಳಿದರು. ಯಾರೂ ಇಲ್ಲ, ಗಾಳಿ ಬರುತ್ತದೋ ಇಲ್ಲವೋ ನೋಡಬೇಕಿತ್ತು, ನೋಡಿದೆ ಎಂದಳು.

“ಎಷ್ಟು ದಿನದ ಮಗು?”

“ನಾಳೆಗೆ ಹತ್ತೊಂಬತ್ತು.”

“ಹತ್ತೊಂಬತ್ತು ದಿನ ಉಳಿಸ್ಕೊಂಡಿದ್ದೀರಾ?” ಎಂದು ಅವರು ಎದ್ದು ಸೈಕಲ್ಲು ತೆಗೆದರು.

ಅವಳು ನಡೆದು ಮನೆ ಸೇರುವಷ್ಟರಲ್ಲಿ ಡಾಕ್ಟರು ಮನೆಯ ಜಗಲಿಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಸೊಣ್ಣಪ್ಪನೂ ಕೂತಿದ್ದ; ಶನಿವಾರದವನು ಒಂದು ದಿನ ಮೊದಲೇ ಬಂದಿದ್ದ. ಹಿತ್ತಾಳೆ ಡಬ್ಬಿಯಿಂದ ಕೂದಲು ತೆಗೆದು ಎಣ್ಣೆಯಲ್ಲಿ ನೆನೆಸುತ್ತಿದ್ದ. ಡಾಕ್ಟರು ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು ಬೆಳಕಿಗೆ ಕೂಸಿನ ಮೂಗನ್ನು ನೋಡಿದರು. ನೋಡಿ ಮುಗಿದ ಮೇಲೆ ಸೊಣ್ಣಪ್ಪನಿಗೇ ಹೇಳಿದರು.

“ನೋಡಿ, ದೊಡ್ಡವರ ಮೂಗಿನದು ಬೇರೆ. ಹುಟ್ಟಿದ ಮಗು ಮೂಗಿನಲ್ಲಿ ಇಂಥದ್ದು ಇದ್ದರೆ, ಕೆಲವು ಸಲ ಅದು ಮಿದುಳಿನದೇ ಒಂದು ತುಂಡು ಕೆಳಗೆ ಜಾರಿ ಬಂದಿರುತ್ತೆ. ಮೇಲೆ ಮೂಳೆಯಲ್ಲಿ ತೂತಿರುತ್ತೆ. ಎಳೆದರೆ ಮಗು ಎರಡು ದಿನ ಉಳಿಯೋದಿಲ್ಲ. ಇದು ಅದೇ ಅಂತ ನಾನು ಹೇಳ್ತಿಲ್ಲ. ಅಲ್ಲ ಅಂತಲೂ ಹೇಳಲಾರೆ. ಬೆಂಗಳೂರಲ್ಲೇ ನೋಡಬೇಕು.”

ಸೊಣ್ಣಪ್ಪ, ನನಗೂ ಒಮ್ಮೆ ತೋರಿಸಿ ಎಂದು ಡಾಕ್ಟರ ಕನ್ನಡಿಯನ್ನೇ ಕೇಳಿ ಹಿಡಿದು ನೋಡಿದ. ಆಮೇಲೆ ಕೂದಲನ್ನು ಒರೆಸಿ ಡಬ್ಬಿಗೆ ಹಾಕಿದ.

“ಅಕ್ಕಾ, ನಂಗೆ ಬುಡ ಕಾಣಾಕಿಲ್ಲ. ಬುಡ ಕಾಣದ್ದಕ್ಕೆ ನಾನು ಕುಣಿಕೆ ಹಾಕಾಕಿಲ್ಲ.”

ಆಗ ರಾಮಾಂಜಿನಪ್ಪ ಯಾರೂ ಹೇಳದೆ ಒಳಗೆ ಹೋಗಿ ಹಾಸಿಗೆ ಸುತ್ತಿ, ರಾಗಿ ಹಿಟ್ಟು ಕಟ್ಟಿ, ಬೆಳಗ್ಗೆ ಹೊರಡುವುದೆಂದು ಹೇಳಿದ. ಬಾಣಂತಿ ಗಾಳಿಗೆ ಹೊರಡುವುದುಂಟೇ ಎಂದು ಮುನಿಗಂಗಮ್ಮ ಗೊಣಗಿದರೆ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿ ಎಂದ. ಅವನು ಆ ಮನೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಹೊಸಕೋಟೆಯಿಂದ ಆಗ ಇದ್ದಿಲಿನ ಬಸ್ಸು ಓಡುತ್ತಿತ್ತು. ಹಿಂದೆ ಕಟ್ಟಿದ ಒಲೆಯಿಂದ ಹೊಗೆ ಬರುತ್ತದೆಂದು ಪಿಳ್ಳಮ್ಮ ಸೊಸೆಯನ್ನು ಎಲ್ಲಕ್ಕಿಂತ ಮುಂದಿನ ಸೀಟಿಗೆ ಕೂರಿಸಿ, ಕೂಸನ್ನು ತನ್ನ ಮಡಿಲಲ್ಲಿ ಮಗ್ಗುಲಾಗಿಟ್ಟುಕೊಂಡು, ದಾರಿಯುದ್ದಕ್ಕೂ ಗಲ್ಲದ ಮೇಲಿನ ಬೆರಳು ತೆಗೆಯಲಿಲ್ಲ. ಏರಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಾಗ ಗಂಡಸರೆಲ್ಲ ಇಳಿದು ನೂಕಿದರು.

ಬೆಂಗಳೂರಿನ ಆಸ್ಪತ್ರೆಯ ದೊಡ್ಡ ಸರ್ಜನ್ ವೆಂಕಟರಾಮಪ್ಪನವರು ನರೆತ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಹನುಮಂತರಾಯಪ್ಪ ಕೊಟ್ಟ ಕಾಗದ ಓದಿದರು. ಕೂಸನ್ನು ತಕ್ಕಡಿಯಲ್ಲಿಟ್ಟು ತೂಗಿಸಿದರು. ಬಾಯಲ್ಲಿ ಉಸಿರಾಡುವ ಇಷ್ಟು ದಿನದ ಮಗು ಕರಗಿಹೋಗಿರುತ್ತದೆ, ಇದು ಮೈ ಹಿಡಿದಿದೆ ಎಂದು ಪಕ್ಕದಲ್ಲಿದ್ದ ನರ್ಸಿಗೆ ಹೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

“ಮಗು ಅತ್ತಾಗ ಆ ಗೆಡ್ಡೆ ಉಬ್ಬುತ್ತಾ? ಮಿದುಳಿಗೆ ಸೇರಿದ್ದರೆ ಉಬ್ಬುತ್ತೆ.”

ಪಿಳ್ಳಮ್ಮ ಬಾಯಿ ತೆರೆಯುವ ಮೊದಲೇ ವರಲಕ್ಷ್ಮಮ್ಮ ಉತ್ತರ ಕೊಟ್ಟಳು.

“ಇಲ್ಲ ಸ್ವಾಮಿ. ದಿನಾ ನೋಡ್ತಿದ್ದೆ. ನಮ್ಮತ್ತೆ ಕನ್ನಡಿ ಹಿಡಿಯೋದು ನೋಡಿ ನಾನೂ ಕಲ್ತೆ. ಅತ್ತಾಗ ಮುಖ ಎಲ್ಲ ಉಬ್ಬುತ್ತೆ, ಅದು ಮಾತ್ರ ಹಂಗೇ ಇರುತ್ತೆ. ಮಿಡಿಯೋದೂ ಇಲ್ಲ.”

ಪಿಳ್ಳಮ್ಮ ಸೊಸೆಯ ಮುಖ ನೋಡಿದಳು. ತನ್ನ ಕೈಯಿಂದ ಮಗುವನ್ನು ದೂರವಿಟ್ಟ ದಿನಗಳಲ್ಲೂ ಈ ಹುಡುಗಿ ತನ್ನ ಹಾಗೆಯೇ ಕನ್ನಡಿ ಹಿಡಿದು ಕೂತಿದ್ದಳೆಂದು ಅವಳಿಗೆ ತಿಳಿದಿರಲಿಲ್ಲ.

ಸರ್ಜನ್ ತಾವೂ ಪರೀಕ್ಷೆ ಮಾಡಿದರು. ಕತ್ತಿನ ನರಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಗೆಡ್ಡೆ ಉಬ್ಬಲಿಲ್ಲವೆಂದು ನೋಡಿದರು. ಪುಟ್ಟ ದೀಪ ಹಿಡಿದರೆ ಬೆಳಕು ಅದರ ಮೂಲಕ ಹಾಯಲಿಲ್ಲ. ಒಳಗೆ ನೀರಿಲ್ಲ, ಗಟ್ಟಿ ಮಾಂಸ. ತಲೆಯ ಎಕ್ಸ್‌ರೇ ತೆಗೆಸಿದರು. ಮೂಳೆಯಲ್ಲಿ ತೂತು ಕಾಣಲಿಲ್ಲ. ಹಾಗಾದರೆ ಮಿದುಳಿಗೆ ಸೇರಿಕೊಂಡಿಲ್ಲವೇ ಎಂದು ರಾಮಾಂಜಿನಪ್ಪ ಕೇಳಿದಾಗ, ಸೇರಿಕೊಂಡಿಲ್ಲ ಅಂತಲೇ ತೋರುತ್ತದೆ, ದಾರದಷ್ಟು ಸಣ್ಣ ಎಳೆಯಿದ್ದರೆ ಚಿತ್ರದಲ್ಲಿ ಕಾಣದು, ತೆಗೆಯುವಾಗಲೇ ಗೊತ್ತಾಗಬೇಕು ಎಂದರು. ಇನ್ನು ಹದಿನೈದು ದಿನ ಮಗು ಬೆಳೆಯಲಿ, ಅದಕ್ಕಿಂತ ತಡವಾಗುವುದು ಬೇಡ. ಅಲ್ಲಿಯವರೆಗೆ ಹಾಲು ಯಾರು ಹಾಕುತ್ತಿದ್ದರೋ ಅವರೇ ಹಾಕಲಿ. ನಮ್ಮ ನರ್ಸುಗಳೂ ನೋಡಿ ಕಲಿಯಲಿ.

ಆ ಹದಿನೈದು ದಿನ ಅವರು ಆಸ್ಪತ್ರೆಯ ಬಳಿಯ ಛತ್ರವೊಂದರಲ್ಲಿ ಒಲೆ ಹೂಡಿದರು. ರೇಷನ್ನಿನ ಅಕ್ಕಿಯಲ್ಲಿ ಕಲ್ಲೇ ಹೆಚ್ಚು. ಅಪ್ಪಯ್ಯಣ್ಣ ವಾರಕ್ಕೆರಡು ಸಲ ಬಸ್ಸಿನವರ ಕೈಯಲ್ಲಿ ಅವರೆಕಾಯಿ, ಸೊಪ್ಪು, ಒಮ್ಮೆ ಹೊಸ ರಾಗಿಯ ಹಿಟ್ಟು ಕಳಿಸಿದ. ಮೂರನೆಯ ದಿನ ಮುನಿಗಂಗಮ್ಮ ಒಬ್ಬಳೇ ಗಂಟು ಹೊತ್ತು ಛತ್ರ ಹುಡುಕಿಕೊಂಡು ಬಂದಳು. ಬಾಣಂತಿಗೆ ಕಾಳುಮೆಣಸಿನ ಸಾರು ಮಾಡುವವರು ಬೇಡವೇ ಎಂದಳು. ಒಂದೇ ಒಲೆಯ ಮುಂದೆ ಇಬ್ಬರು ಬೀಗಿತ್ತಿಯರು. ಮೆಣಸು ಹೆಚ್ಚಾಯಿತೆಂದು ಇವಳು, ಉಪ್ಪು ಕಡಿಮೆಯೆಂದು ಅವಳು. ಅಷ್ಟರಾಚೆ ಮಾತಿಲ್ಲ. ಆದರೆ ಹಾಲು ಹಾಕುವಾಗ ಕೂಸಿನ ತಲೆ ಹಿಡಿಯಲು ಮುನಿಗಂಗಮ್ಮ ತಾನಾಗಿ ಬಂದು ಕೂರುತ್ತಿದ್ದಳು.

ಆಪರೇಷನ್ನಿನ ದಿನ ಬೆಳಗ್ಗೆ ಕೂಸಿಗೆ ಹಾಲಿಲ್ಲ. ಹಸಿವಿಗೆ ಅತ್ತು ಕೆಂಪಾದ ಕೂಸನ್ನು ನರ್ಸಿನ ಕೈಗೆ ಕೊಟ್ಟು, ವರಲಕ್ಷ್ಮಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ರಾಮಾಂಜಿನಪ್ಪ ಅವಳ ಪಕ್ಕದಲ್ಲಿ ನಿಂತ. ಇಬ್ಬರು ಅಜ್ಜಿಯರು ವರಾಂಡದ ಕಲ್ಲುಬೆಂಚಿನ ಮೇಲೆ ಕುಳಿತರು. ಒಳಗಿನಿಂದ ಮತ್ತು ಬರಿಸುವ ಔಷಧಿಯ ಸಿಹಿ ನಾತ ಬರುತ್ತಿತ್ತು. ಕೂಸಿನ ಅಳು ಸಣ್ಣದಾಗುತ್ತಾ ಹೋಗಿ ನಿಂತಿತು.

ಬಹಳ ಹೊತ್ತಿನ ಮೇಲೆ ಪಿಳ್ಳಮ್ಮ ಮಾತು ತೆಗೆದಳು. “ನಾನು ತೀಡಿದ್ದು ನಿಜ ಕಣವ್ವ. ಎರಡು ದಿನ ತೀಡ್ದೆ. ಎಲ್ಲಾ ಮಕ್ಳಿಗೂ ತೀಡ್ತಿದ್ದೆ. ನನ್ನಿಂದ ಆಗಿದ್ರೆ, ಇನ್ನು ಯಾರ ಮಗೂನೂ ಮುಟ್ಟಾಕಿಲ್ಲ.”

ಮುನಿಗಂಗಮ್ಮ ಎಲೆಸಂಚಿ ಬಿಚ್ಚಿ, ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸಿ, ಅವಳ ಕೈಗೆ ಕೊಟ್ಟಳು.

ಬಿಸಿಲು ವರಾಂಡದ ಅರ್ಧಕ್ಕೆ ಬಂದಾಗ ಬಾಗಿಲು ತೆರೆಯಿತು. ಸರ್ಜನ್ ಕೈಯಲ್ಲಿ ಗಾಜಿನ ಬಾಟಲಿಯಿತ್ತು. ಅದರ ನೀರಿನಲ್ಲಿ ಹುಣಸೆ ಬೀಜದ ಗಾತ್ರದ ಬಿಳಿಚಿದ ತುಂಡು. ಮೂಗಿನ ಪಕ್ಕದಲ್ಲಿ ಸಣ್ಣ ಗೀರು ಹಾಕಿ ಬುಡದಿಂದ ಬಿಡಿಸಿದೆ, ಮೂಗಿನ ಗೋಡೆಗೆ ಮಾತ್ರ ಅಂಟಿತ್ತು, ಮೇಲಕ್ಕೆ ಹೋಗುವ ಎಳೆ ಕಾಣಲಿಲ್ಲ, ರಕ್ತ ನಿಂತಿದೆ, ಮಗು ಸದ್ಯಕ್ಕೆ ಬಾಯಲ್ಲಿ ಉಸಿರಾಡುತ್ತಿದೆ ಎಂದರು. ವರಲಕ್ಷ್ಮಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಪಿಳ್ಳಮ್ಮ ಎದ್ದು ಅವರ ಮುಂದೆ ನಿಂತಳು. “ಸ್ವಾಮಿ, ನಾನೇ ಹೆರಿಗೆ ಮಾಡಿಸ್ದೋಳು. ನೀರೆರೆವಾಗ ಮೂಗು ತೀಡ್ದೆ. ಅದ್ರಿಂದ ಬಂತಾ? ನಿಜ ಹೇಳಿ.”

ಸರ್ಜನ್ ತಮ್ಮ ಹೆಬ್ಬೆರಳನ್ನು ಎತ್ತಿ ತೋರಿಸಿದರು. “ಮಗು ತಾಯಿ ಹೊಟ್ಟೇಲಿ ಇಷ್ಟೂ ಇರಲಿಲ್ಲ, ಆಗಲೇ ಇದು ಆಗಿದ್ದು. ಮೂಗು, ಮಿದುಳು ಬೇರೆ ಬೇರೆ ಆಗೋ ಹೊತ್ತಲ್ಲಿ ಒಂದು ಚೂರು ಈಚೆ ಉಳಿದುಬಿಟ್ಟಿದೆ. ಯಾರ ಕೈಯೂ ಅಲ್ಲಿಗೆ ಮುಟ್ಟೋದಿಲ್ಲ, ತಾಯಿ. ನಿಮ್ಮ ಕೈಯಿಂದ ಆಗಿದ್ದು ಅಂದರೆ, ಈ ಮಗು ಇಲ್ಲಿಯವರೆಗೆ ಬದುಕಿ ಬಂದಿದ್ದು.” ಮತ್ತೂ ಹೇಳಿದರು, ತೀಡುವುದನ್ನು ಮಾತ್ರ ಬಿಟ್ಟುಬಿಡಿ, ಅದರಿಂದ ಯಾರ ಮೂಗೂ ನೆಟ್ಟಗಾಗುವುದಿಲ್ಲ. ಬಿಡುತ್ತೇನೆ ಎಂದು ಪಿಳ್ಳಮ್ಮ ಕೈಮುಗಿದಳು. ಮುಖ ಒರೆಸಿಕೊಂಡ ಸೆರಗು ಒದ್ದೆಯಾಯಿತು.

ಮೂರು ದಿನ ಮೂಗಿಗೆ ಬಟ್ಟೆಯ ಪಟ್ಟಿ ತುರುಕಿದ್ದರು. ಒಳಲೆಯ ಕೆಲಸ ನಡೆದೇ ಇತ್ತು. ಮೂಗಿನಿಂದ ತಿಳಿನೀರು ಇಳಿದರೆ ಕೂಡಲೇ ಕೂಗಿ ಎಂದು ನರ್ಸು ಹೇಳಿದ್ದಳು. ಮಿದುಳಿನ ಕಡೆಯ ದಾರಿ ತೆರೆದಿದ್ದರೆ ಹಾಗಾಗುತ್ತದಂತೆ. ಪಿಳ್ಳಮ್ಮ ಮೆತ್ತನೆಯ ಬಿಳಿ ಬಟ್ಟೆಯೊಂದನ್ನು ಕೂಸಿನ ಮೂಗಿನ ಕೆಳಗೆ ಒತ್ತಿ ಒತ್ತಿ ನೋಡುತ್ತಿದ್ದಳು. ಮೊದಲ ದಿನ ಕೆಂಪು ಕಲೆ, ಎರಡನೆಯ ದಿನ ಕಂದು, ಮೂರನೆಯ ದಿನ ಬಟ್ಟೆ ಒಣಗಿಯೇ ಇತ್ತು.

ನಾಲ್ಕನೆಯ ಬೆಳಗ್ಗೆ ಸರ್ಜನ್ ಪಟ್ಟಿಯನ್ನು ಮೆಲ್ಲಗೆ ಎಳೆದು ತೆಗೆದರು. ಕೂಸು ಸೀನಿತು, ಅತ್ತಿತು. ಈಗ ಎದೆಗೆ ಹಾಕಿಕೊಳ್ಳಮ್ಮ ಎಂದರು. ವರಲಕ್ಷ್ಮಮ್ಮನ ಕೈ ಮುಂದಾಗಲಿಲ್ಲ. ಅವಳು ಅತ್ತೆಯನ್ನು ನೋಡಿದಳು. ಪಿಳ್ಳಮ್ಮ ಕೂಸನ್ನು ಎತ್ತಿ ಅವಳ ತೋಳಿನಲ್ಲಿಟ್ಟು, ತಲೆಗೆ ಅಂಗೈ ಕೊಟ್ಟಳು.

ಕೂಸು ಒಂದು ಗುಟುಕು ಎಳೆಯಿತು. ಎರಡು. ಮೂರು. ಎಲ್ಲರೂ ಅದರ ತುಟಿಯ ಬಣ್ಣವನ್ನೇ ನೋಡುತ್ತಿದ್ದರು. ನಾಲ್ಕು, ಐದು. ವಾರ್ಡಿನ ಬೇರೆ ಬಾಣಂತಿಯರೂ ಎದ್ದು ಬಂದು ಮಂಚದ ಸುತ್ತ ನಿಂತರು. ಕೂಸಿನ ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಕೆನ್ನೆ ಕೆಂಪಾಗಿಯೇ ಇತ್ತು. ಅದು ಬಿಡಲೇ ಇಲ್ಲ. ಹಾಲು ಹೆಚ್ಚಾಗಿ ಕಟಬಾಯಿಂದ ಸುರಿದರೂ ಗುಟುಕರಿಸುತ್ತಲೇ ಇತ್ತು. ಮುನಿಗಂಗಮ್ಮ ನಿಂತಲ್ಲೇ ಗಟ್ಟಿಯಾಗಿ ಅತ್ತುಬಿಟ್ಟಳು. ಆ ಕಡೆಯ ಎದೆ ಖಾಲಿಯಾದ ಮೇಲೆ ಈ ಕಡೆಗೆ ಹಾಕಿದರು. ಕೊನೆಗೆ ಹೊಟ್ಟೆ ಬಿರಿಯ ಕುಡಿದು, ಬಾಯಿ ಮುಚ್ಚಿಕೊಂಡು ನಿದ್ದೆ ಹೋಯಿತು.

ಗೊರಗೊರ ಇಲ್ಲ. ನಲವತ್ತು ದಿನ ಆ ಸದ್ದಿಗೆ ಕಿವಿಗೊಟ್ಟಿದ್ದ ಪಿಳ್ಳಮ್ಮ ಬಾಗಿ ಕಿವಿಯಿಟ್ಟು ಕೇಳಿದಳು. ಉಸಿರು ಸಣ್ಣಗೆ, ಸರಾಗವಾಗಿ ಬಂದು ಕೆನ್ನೆಗೆ ತಾಗಿತು.

ಸಂಕ್ರಾಂತಿ ಆಸ್ಪತ್ರೆಯಲ್ಲೇ ಆಯಿತು. ಅಪ್ಪಯ್ಯಣ್ಣ ತಾನೇ ಎಳ್ಳು ಬೆಲ್ಲ ಹೊತ್ತು ಬಂದ, ವಾರ್ಡಿಗೆಲ್ಲ ಹಂಚಿದರು. ಗೆಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದ್ದರ ವರದಿ ಬಂದಿತ್ತು, ಕೆಟ್ಟ ಗೆಡ್ಡೆಯಲ್ಲ, ಮತ್ತೆ ಬೆಳೆಯುವ ಭಯ ಕಡಿಮೆ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು. ಬಿಡುಗಡೆಯ ದಿನ ಸರ್ಜನ್ ಪಿಳ್ಳಮ್ಮನನ್ನು ಒಂದು ದೊಡ್ಡ ಕೋಣೆಗೆ ಕರೆಸಿದರು. ಅಲ್ಲಿ ಬಿಳಿ ಕೋಟಿನ ವಿದ್ಯಾರ್ಥಿಗಳು ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದರು. ಹುಟ್ಟಿದ ದಿನದಿಂದ ಏನೇನು ನೋಡಿದಿರಿ, ನಿಮ್ಮ ಮಾತಿನಲ್ಲೇ ಹೇಳಿ ಎಂದರು. ಕೂಸನ್ನು ಕೈಯಲ್ಲಿ ಹಿಡಿದುಕೊಂಡಿದ್ದರಿಂದ ಧೈರ್ಯ ಬಂತು, ಎಲ್ಲ ಹೇಳಿದಳು. ಹುಡುಗರು ಬರೆದುಕೊಂಡರು. ಒಬ್ಬ ಎದ್ದು, ಒಳಲೆಯನ್ನು ಬಾಯಿಯ ಓರೆಯಿಂದಲೇ ಏಕೆ ಹಾಕಿದಿರಿ ಎಂದು ಕೇಳಿದ. ನಡುವೆ ಉಸಿರಿಗೆ ಜಾಗ ಬೇಡವಾ ಮಗಾ ಎಂದಳು. ಸರ್ಜನ್ ನಕ್ಕರು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಅಪ್ಪಯ್ಯಣ್ಣ ಊರು ಸೇರುವವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ, ನಮ್ಮ ಮನೆಯವಳು ಡಾಕ್ಟರುಗಳಿಗೆ ಪಾಠ ಹೇಳಿದಳೆಂದು ಹೇಳಿಕೊಂಡು ಬಂದ.

ಮಾಘದಲ್ಲಿ ಕೂಸಿಗೆ ಮುತ್ಯಾಲಮ್ಮ ಎಂದು ಹೆಸರಿಟ್ಟರು. ಹೊಸಕೋಟೆಯ ಡಾಕ್ಟರೂ ಬಂದು ಉಂಡು ಹೋದರು. ಕೆರೆಯ ಕೆಳಗಿನ ಮನೆಯವರು ತಮ್ಮ ಮಗುವನ್ನು ಎತ್ತಿಕೊಂಡು ಬಂದು, ಇದರ ಮೂಗನ್ನೂ ಒಮ್ಮೆ ನೋಡಿ ಎಂದರು. ಪಿಳ್ಳಮ್ಮ ನೋಡಿ, ಚೆನ್ನಾಗಿದೆ ಹೋಗಿ ಎಂದಳು. ಮೂಗಿನ ಪಕ್ಕದ ಗೀರು ಆಗಲೇ ನೂಲಿನೆಳೆಯಷ್ಟಾಗಿತ್ತು. ಮಾರನೆಯ ದಿನ, ಅರಿಸಿನ ಹಚ್ಚಿದ ಕೂಸನ್ನು ವರಲಕ್ಷ್ಮಮ್ಮ ತಾನಾಗಿ ತಂದು, ನೀರೆರೆಯಲು ಕಾಲು ಚಾಚಿ ಕುಳಿತ ಅತ್ತೆಯ ಕಾಲ ಮೇಲೆ ಮಲಗಿಸಿದಳು.

ಯುಗಾದಿಗೆ ಇನ್ನು ಎಂಟು ದಿನವಿರುವಾಗ, ಮಧ್ಯಾಹ್ನದ ಊಟದ ಹೊತ್ತಿಗೆ ಸೂಲಿಬೆಲೆಯ ಗಾಡಿ ಬಂದು ನಿಂತಿತು. ಮುನಿಗಂಗಮ್ಮ ಇಳಿಯಲಿಲ್ಲ. ಅವಳ ಸೊಸೆಗೆ ಎರಡನೆಯ ಹೆರಿಗೆ. ಬೆಳಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ.

“ನಿಮ್ಮೂರಾಗೆ ಯಾರೂ ಇಲ್ವಾ?” ಎಂದು ಪಿಳ್ಳಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

“ಅವ್ರೆ. ನಂಗೆ ನೀವೇ ಬೇಕು. ಹತ್ತಿ.”

ಪಿಳ್ಳಮ್ಮ ಕಲಸಿದ ಕೈ ತೊಳೆದು ಗಾಡಿ ಹತ್ತಿದಳು. ಎತ್ತುಗಳು ಓಡುನಡಿಗೆಯಲ್ಲಿ ಹೋದವು. ದನಗಳು ಮನೆಗೆ ತಿರುಗುವ ಹೊತ್ತಿಗೆ ಗಂಡು ಮಗು ಹುಟ್ಟಿತು. ಪಿಳ್ಳಮ್ಮ ಅದನ್ನು ಬೆಚ್ಚಗೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಬಾಗಿಲಾಚೆ ಕಾದು ಕುಳಿತಿದ್ದ ಮುನಿಗಂಗಮ್ಮನ ಮಡಿಲಿಗೆ ಹಾಕಿದಳು. ಆಮೇಲೆ ಅವಳ ಪಕ್ಕದಲ್ಲೇ ಕಾಲು ಚಾಚಿ ಕುಳಿತು, ಹಸಿವಾಗ್ತೈತೆ ಕಣವ್ವ, ಏನಾದ್ರೂ ಬಡಿಸು ಎಂದಳು.